ಮಕ್ಕಳ ಕೈಗೆ ಯಾವ ಆಟ: ಮೊಬೈಲ್ ಆಟಗಳ ಆಯ್ಕೆಯ ಚರಿತ್ರೆ

ಗೂಗಲ್ ಪ್ಲೇ, ಆಪ್ ಸ್ಟೋರ್ ಮೊದಲಾದ ಆಪ್ ಮಳಿಗೆಗಳಲ್ಲಿ, ಅಂದರೆ ಮೊಬೈಲ್ ಫೋನಿಗೆ ಬೇಕಾದ ತಂತ್ರಾಂಶಗಳನ್ನು ಡೌನ್‌ಲೋಡ್ ಮಾಡಿಕೊಳ್ಳುವ ತಾಣಗಳಲ್ಲಿ, ಪ್ರತಿಯೊಂದು ಆಟದ ವಿವರದ ಜೊತೆಗೂ 3+, 7+, 12+ ಎಂಬಂಥ ಒಂದು ಅಂಕಿ ಇರುತ್ತದೆ. ಎಷ್ಟು ವಯಸ್ಸು ತುಂಬಿದವರಿಗೆ ಆ ಆಟ ತಕ್ಕುದು ಎಂದು ತಿಳಿಸುವ ಈ ಅಂಕಿಯನ್ನು ವಯೋಸೂಚಿ ಎಂದು ಕರೆಯಬಹುದು. ಮಕ್ಕಳಿಗಾಗಿ ಆಟ ಹುಡುಕುವ ಹೆತ್ತವರಿಗೆ ಮಳಿಗೆ ನೀಡುವ ಮೊದಲ ಭರವಸೆಯೂ ಇದೇ. ಈ ಅಂಕಿಯ ಹಿಂದೆ ಮೂವತ್ತು ವರ್ಷಗಳ ಸಾರ್ವಜನಿಕ ವಾಗ್ವಾದದ ಚರಿತ್ರೆಯಿದೆ. ಮೊದಲು ಪರದೆಯ ಮೇಲಿನ ರಕ್ತಪಾತದ ಬಗ್ಗೆ, ಆಮೇಲೆ ಹೆತ್ತವರ ಹಣದ ಬಗ್ಗೆ, ಅನಂತರ ಮಗುವಿನ ಖಾಸಗಿ ಮಾಹಿತಿಯ ಬಗ್ಗೆ, ಕೊನೆಗೆ ಮಗುವಿನ ಹೊತ್ತಿನ ಬಗ್ಗೆ ಒಂದೊಂದಾಗಿ ದೂರುಗಳು ಎದ್ದವು; ಒಂದೊಂದು ದೂರಿಗೂ ಉತ್ತರವಾಗಿ ಒಂದೊಂದು ಸೂಚಿಯೋ ಕಾನೂನೋ ಹುಟ್ಟಿಕೊಂಡಿತು. ಆಯಾ ದೂರನ್ನಷ್ಟೇ ನಿವಾರಿಸಲು ರೂಪುಗೊಂಡ ಈ ಸೂಚಿಗಳಲ್ಲಿ ಮಗುವಿಗೆ ಆಟ ನಿಜಕ್ಕೂ ಸಂತೋಷ ಕೊಡುತ್ತದೆಯೇ ಎಂಬ ಮೂಲ ಪ್ರಶ್ನೆಗೆ ಬಹುಕಾಲ ಜಾಗವೇ ಇರಲಿಲ್ಲ ಎಂಬುದು ಆ ಚರಿತ್ರೆಯನ್ನು ಕ್ರಮವಾಗಿ ನೋಡಿದಾಗ ಸ್ಪಷ್ಟವಾಗುತ್ತದೆ.

ಮಣೆಯ ಮುಂದೆ ಕೂತ ಹಿರಿಯರು

ಮಕ್ಕಳ ಆಟವನ್ನು ಹಿರಿಯರು ಅಳೆದು ತೂಗುವ ರೂಢಿ ಪರದೆಗಿಂತ ಬಹಳ ಹಳೆಯದು. ಕರ್ನಾಟಕದ ಮನೆಗಳಲ್ಲಿ ಐದು ಮನೆ ಅಗಲ, ಐದು ಮನೆ ಉದ್ದದ ಚೌಕ ಬರೆದು ಕವಡೆಯನ್ನೋ ಒಂದು ಬದಿ ತೇಯ್ದ ಹುಣಸೆ ಬೀಜವನ್ನೋ ಎಸೆದು ಆಡುವ ಚೌಕಾಬಾರ, ಎರಡು ಸಾಲುಗಳಲ್ಲಿ ಹದಿನಾಲ್ಕು ಗುಳಿಗಳಿರುವ ಮರದ ಮಣೆಯಲ್ಲಿ ಕಾಳು ಹಂಚುತ್ತ ಆಡುವ ಅಳಗುಳಿಮಣೆ, ಕರಾವಳಿಯಲ್ಲಿ ಚೆನ್ನೆಮಣೆ ಎಂದು ಹೆಸರಾದ ಅದರ ರೂಪ, ಹುಲಿ ಮತ್ತು ಕುರಿಗಳ ಕಾಯಿಗಳನ್ನಿಟ್ಟು ಆಡುವ ಹುಲಿ ಕುರಿ ಆಟ, ಇವೆಲ್ಲ ಅಜ್ಜಿಯೂ ಮೊಮ್ಮಗಳೂ ಒಂದೇ ಮಣೆಯ ಎರಡು ಬದಿಗಳಲ್ಲಿ ಕೂತು ಆಡಿದ ಆಟಗಳು. ಪಾಪಕ್ಕೆ ಹಾವು, ಪುಣ್ಯಕ್ಕೆ ಏಣಿ ಬರೆದ ಪರಮಪದ ಸೋಪಾನಪಟದಲ್ಲಂತೂ ಆಟ ಏನನ್ನು ಕಲಿಸಬೇಕೆಂಬ ಹಿರಿಯರ ನಿರ್ಣಯ ಪಟದ ಮೇಲೆಯೇ ಬರೆದಿರುತ್ತಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಾವೇ ಹೊಸ ಮಣೆಯಾಟಗಳನ್ನೂ ಚದುರಂಗದ ಸಮಸ್ಯೆಗಳನ್ನೂ ರಚಿಸಿದ್ದಲ್ಲದೆ, ತಮ್ಮ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಎಂಬ ಒಂಬತ್ತು ಭಾಗಗಳ ಸಚಿತ್ರ ಗ್ರಂಥದಲ್ಲಿ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳಿಗೂ ಜಾಗ ಕೊಟ್ಟರು.

ಆ ಆಟಗಳೆಲ್ಲ ಒಳ್ಳೆಯವಾಗಿದ್ದವು ಎಂದು ಹೇಳಲಾಗದು. ಪಗಡೆಯ ಜೂಜು ಎಂಥ ಅನಾಹುತಕ್ಕೆ ದಾರಿಯಾಯಿತೆಂಬುದನ್ನು ಮಹಾಭಾರತದ ಕಥೆ ಕೇಳಿ ಬೆಳೆದ ಸಮಾಜ ಚೆನ್ನಾಗಿಯೇ ಅರಿತಿತ್ತು. ಆದರೆ ಆಯ್ಕೆಯ ದೃಷ್ಟಿಯಿಂದ ಮಣೆಯಾಟಕ್ಕೆ ಎರಡು ಗುಣಗಳಿದ್ದವು. ಆಟದ ನಿಯಮ ಹಿರಿಯರಿಗೂ ಗೊತ್ತಿತ್ತು, ಏಕೆಂದರೆ ಅದನ್ನು ಮಗುವಿಗೆ ಕಲಿಸಿದವರೇ ಅವರು. ಎರಡನೆಯದಾಗಿ, ಕಾಯಿಗಳೆಲ್ಲ ಹಣ್ಣಾದ ಮೇಲೆ ಆಟ ಮುಗಿಯುತ್ತಿತ್ತು, ಇನ್ನೊಂದು ಸುತ್ತು ಬೇಕೆಂದರೆ ಎದುರು ಕೂತವರ ಒಪ್ಪಿಗೆಯೂ ಬೇಕಾಗುತ್ತಿತ್ತು. ಮೊಬೈಲ್ ಆಟಗಳ ಚರಿತ್ರೆಯಲ್ಲಿ ಈ ಎರಡು ಗುಣಗಳು ಹೇಗೆ ಕಳೆದುಹೋದವು, ಅವುಗಳ ಬದಲಿಗೆ ಯಾವ ಯಾವ ಮುದ್ರೆಗಳು ಬಂದವು ಎಂಬುದೇ ಮುಂದಿನ ವಿಷಯ.

ರಕ್ತದ ಬಣ್ಣ ಮತ್ತು ಮೊದಲ ಸೂಚಿ

ನಾಣ್ಯ ಹಾಕಿ ಆಡುವ ವಿಡಿಯೊ ಆಟದ ಯಂತ್ರಗಳು ಅಮೆರಿಕದಲ್ಲಿ ಹರಡುತ್ತಿದ್ದಾಗಲೇ, 1976ರಲ್ಲಿ ಬಂದ ಡೆತ್ ರೇಸ್ ಎಂಬ ಆಟ ಮನುಷ್ಯಾಕಾರಗಳ ಮೇಲೆ ಕಾರು ಹತ್ತಿಸಲು ಆಟಗಾರನಿಗೆ ಅಂಕ ಕೊಟ್ಟು ಜನರ ಸಿಟ್ಟಿಗೆ ಗುರಿಯಾಯಿತು. ಆದರೆ ಸೂಚಿಯ ಹುಟ್ಟಿಗೆ ನೇರ ಕಾರಣವಾದದ್ದು 1993. ಮಾರ್ಟಲ್ ಕಾಂಬ್ಯಾಟ್ ಎಂಬ ಕಾಳಗದ ಆಟ ಆ ವರ್ಷದ ಸೆಪ್ಟೆಂಬರಿನಲ್ಲಿ ಮನೆಯ ಟಿ.ವಿ.ಗೆ ಜೋಡಿಸುವ ಯಂತ್ರಗಳಿಗೆ ಬಂದಾಗ, ಸೋತವನ ತಲೆ ಕಡಿಯುವಂಥ ದೃಶ್ಯಗಳು ಮನೆಯ ನಡುಮನೆಯನ್ನು ಹೊಕ್ಕವು. ಡಿಸೆಂಬರ್ 9ರಂದು ಸೆನೆಟರುಗಳಾದ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಅಮೆರಿಕದ ಸೆನೆಟ್ಟಿನಲ್ಲಿ ಬಹಿರಂಗ ವಿಚಾರಣೆ ನಡೆಸಿ, ಉದ್ಯಮವು ತಾನಾಗಿ ಒಂದು ಸೂಚಿಯ ಪದ್ಧತಿಯನ್ನು ಕಟ್ಟಿಕೊಳ್ಳದಿದ್ದರೆ ಸರ್ಕಾರವೇ ಆ ಕೆಲಸಕ್ಕೆ ಕೈಹಾಕುವುದಾಗಿ ಎಚ್ಚರಿಸಿದರು. ಅದರ ಫಲವಾಗಿ 1994ರ ಸೆಪ್ಟೆಂಬರಿನಲ್ಲಿ ಎಂಟರ್‌ಟೈನ್‌ಮೆಂಟ್ ಸಾಫ್ಟ್‌ವೇರ್ ರೇಟಿಂಗ್ ಬೋರ್ಡ್, ಅಂದರೆ ಆಟಗಳಿಗೆ ವಯಸ್ಸಿನ ಮುದ್ರೆ ಹಾಕುವ ಉದ್ಯಮದ್ದೇ ಆದ ಮಂಡಳಿ, ಕೆಲಸ ಆರಂಭಿಸಿತು.

ಇತರ ದೇಶಗಳೂ ಇದೇ ದಾರಿಯಲ್ಲಿ ಬೇಗನೆ ಹೆಜ್ಜೆ ಹಾಕಿದವು. ಜರ್ಮನಿಯ ಯು.ಎಸ್.ಕೆ. ಎಂಬ ಸಂಸ್ಥೆ 1994ರಲ್ಲೇ ಬಂದಿತು. ಜಪಾನಿನ ಸೆರೊ 2002ರಲ್ಲಿ, 3, 7, 12, 16, 18 ಎಂಬ ಐದು ಮೆಟ್ಟಿಲುಗಳ ಯುರೋಪಿನ ಪೆಗಿ ಪದ್ಧತಿ 2003ರಲ್ಲಿ ಜಾರಿಗೆ ಬಂದವು. ಹಿಂಸೆ, ಲೈಂಗಿಕ ದೃಶ್ಯ, ಒರಟು ಮಾತು, ಭಯ, ಜೂಜು, ಮಾದಕ ವಸ್ತು, ಇಂಥವುಗಳಲ್ಲಿ ಯಾವುದು ಎಷ್ಟು ಇದೆ ಎಂದು ಲೆಕ್ಕ ಹಾಕಿ ವಯಸ್ಸನ್ನು ನಿಗದಿ ಮಾಡುವುದು ಇವೆಲ್ಲವುಗಳ ಕ್ರಮ. ಆದ್ದರಿಂದ 3 ಎಂಬ ಮುದ್ರೆಯ ಅರ್ಥ ಮೂರು ವರ್ಷದ ಮಗು ಅದನ್ನು ಆಡಬಲ್ಲುದು ಎಂದಾಗಲೀ ಆಡಿ ನಲಿಯುತ್ತದೆ ಎಂದಾಗಲೀ ಆಗುವುದಿಲ್ಲ. ಮೂರು ವರ್ಷದ ಮಗುವನ್ನು ಕಂಗೆಡಿಸುವ ದೃಶ್ಯ ಅದರಲ್ಲಿಲ್ಲ ಎಂದಷ್ಟೇ ಆಗುತ್ತದೆ. ಆಟ ಎಷ್ಟು ಕಷ್ಟ ಎಂಬುದನ್ನು ತಾನು ಪರಿಗಣಿಸುವುದಿಲ್ಲವೆಂದು ಪೆಗಿ ಸಂಸ್ಥೆ ತಾನೇ ಸ್ಪಷ್ಟಪಡಿಸಿದೆ; ಈ ಲೆಕ್ಕದಲ್ಲಿ ಚದುರಂಗವೂ 3 ಎಂಬ ಮುದ್ರೆಗೇ ಅರ್ಹ. ಇಂದಿನ ಹೆತ್ತವರನ್ನು ಹೆಚ್ಚು ದಾರಿತಪ್ಪಿಸುವ ತಿಳಿವಳಿಕೆಯ ಬೇರು 1993ರ ಆ ವಿಚಾರಣೆಯಲ್ಲೇ ಇದೆ. ಅಲ್ಲಿ ಎದ್ದ ದೂರು ದೃಶ್ಯಗಳ ಬಗ್ಗೆ ಆಗಿತ್ತು, ಹೀಗಾಗಿ ಅಲ್ಲಿಂದ ಬಂದ ಸೂಚಿಯೂ ದೃಶ್ಯಗಳನ್ನಷ್ಟೇ ಅಳೆಯಿತು.

ಹಾವಿನಾಟದಿಂದ ಆಪ್ ಮಳಿಗೆಗೆ

ಮೊಬೈಲ್ ಫೋನಿನಲ್ಲಿ ಆಟದ ಜೀವನ ತೀರ ಮುಗ್ಧವಾಗಿ ಆರಂಭವಾಯಿತು. ಫಿನ್ಲೆಂಡಿನ ನೋಕಿಯಾ ಕಂಪನಿಯ ಎಂಜಿನಿಯರ್ ತನೆಲಿ ಅರ್ಮಾಂಟೊ ಬರೆದ ಸ್ನೇಕ್ ಎಂಬ ಹಾವಿನಾಟ 1997ರ ನೋಕಿಯಾ 6110 ಫೋನಿನೊಳಗೇ ಬಂದಿತು. ಕಪ್ಪು ಚುಕ್ಕೆಗಳ ಸಾಲೊಂದು ಆಹಾರ ತಿಂದಷ್ಟೂ ಉದ್ದವಾಗುತ್ತ, ತನ್ನ ಬಾಲಕ್ಕೇ ತಾನು ತಗುಲಿದಾಗ ಆಟ ಮುಗಿಯುತ್ತಿತ್ತು. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು; ಕರೆಯ ದರ ಇಳಿದು ಮುಂದಿನ ದಶಕದಲ್ಲಿ ಫೋನು ಸಾಮಾನ್ಯರ ಮನೆಗೆ ಬಂದಾಗ, ಬಹಳ ಮಕ್ಕಳಿಗೆ ಪರಿಚಯವಾದ ಮೊದಲ ಮೊಬೈಲ್ ಆಟ ಈ ಹಾವೇ. ಅದರಲ್ಲಿ ಜಾಹೀರಾತಿರಲಿಲ್ಲ, ಕೊಳ್ಳಲು ಏನೂ ಇರಲಿಲ್ಲ, ಅಂತರಜಾಲದ ಸಂಪರ್ಕವೂ ಬೇಕಿರಲಿಲ್ಲ. ಫೋನಿನೊಳಗೆ ಎರಡು ಮೂರು ಆಟಗಳಷ್ಟೇ ಇದ್ದ ಆ ಕಾಲದಲ್ಲಿ ಆಯ್ಕೆಯ ಪ್ರಶ್ನೆಯೂ ಹುಟ್ಟಲಿಲ್ಲ.

ಆಪಲ್ ಕಂಪನಿ 2008ರ ಜುಲೈನಲ್ಲಿ ಸುಮಾರು 500 ಆಪ್‌ಗಳೊಂದಿಗೆ ತನ್ನ ಆಪ್ ಸ್ಟೋರನ್ನು ತೆರೆದಾಗ, ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್ಲಿನ ಆಂಡ್ರಾಯ್ಡ್ ಮಾರ್ಕೆಟ್ (ಇಂದಿನ ಗೂಗಲ್ ಪ್ಲೇ) ಆರಂಭವಾದಾಗ, ಈ ಸ್ಥಿತಿ ಪೂರ್ತಿ ಬದಲಾಯಿತು. ಯಾರು ಬೇಕಾದರೂ ಆಟ ತಯಾರಿಸಿ ಜಗತ್ತಿಗೆಲ್ಲ ಮಾರಬಹುದಾದ ಈ ಮಳಿಗೆಗಳಲ್ಲಿ ಆಟಗಳ ಸಂಖ್ಯೆ ಎಷ್ಟು ಬೇಗ ಬೆಳೆಯಿತೆಂದರೆ, ಮಂಡಳಿಯ ಪರಿಣತರು ಪ್ರತಿಯೊಂದನ್ನೂ ನೋಡಿ ಮುದ್ರೆ ಹಾಕುವ ಹಳೆಯ ಕ್ರಮ ಇಲ್ಲಿ ಅಸಾಧ್ಯವಾಯಿತು. ಇದಕ್ಕೆ ಕಂಡುಕೊಂಡ ಪರಿಹಾರವೇ ಸ್ವಘೋಷಣೆ: ಆಟದ ತಯಾರಕರೇ ಒಂದು ಪ್ರಶ್ನಾವಳಿಯನ್ನು ತುಂಬುತ್ತಾರೆ, ಆ ಉತ್ತರಗಳಿಂದ ವಯಸ್ಸಿನ ಅಂಕಿ ತಾನಾಗಿ ಹೊರಬೀಳುತ್ತದೆ. ಹಲವು ದೇಶಗಳ ಸೂಚಿ ಮಂಡಳಿಗಳು ಕೂಡಿ 2013ರಲ್ಲಿ ಕಟ್ಟಿದ ಇಂಟರ್‌ನ್ಯಾಷನಲ್ ಏಜ್ ರೇಟಿಂಗ್ ಕೊಯಲಿಷನ್ ಎಂಬ ಒಕ್ಕೂಟದ ಪ್ರಶ್ನಾವಳಿಯನ್ನು ಗೂಗಲ್ ಪ್ಲೇ 2015ರಲ್ಲಿ ಅಳವಡಿಸಿಕೊಂಡಿತು. ಚಲನಚಿತ್ರಗಳಿಗಿರುವಂಥ ಪ್ರಮಾಣಪತ್ರದ ಮಂಡಳಿ ಭಾರತದಲ್ಲಿ ಆಟಗಳಿಗೆ ರೂಪುಗೊಳ್ಳದ ಕಾರಣ, ಇಲ್ಲಿನ ಗೂಗಲ್ ಪ್ಲೇಯಲ್ಲಿ ಕಾಣುವ 3+, 7+ ಮೊದಲಾದ ಅಂಕಿಗಳು ಈ ಒಕ್ಕೂಟದ ಸಾಮಾನ್ಯ ಸೂಚಿಗಳೇ ಆಗಿವೆ. ಅಂದರೆ ಕನ್ನಡದ ಮನೆಯೊಂದರ ಫೋನಿನಲ್ಲಿ ಮೂಡುವ ಅಂಕಿಯನ್ನು ಆ ಆಟವನ್ನು ಮಾರುವವರೇ ಕೊಟ್ಟ ಉತ್ತರಗಳು ನಿರ್ಧರಿಸಿರುತ್ತವೆ.

ಪುಕ್ಕಟೆ ಆಟದ ಬೆಲೆ

ಮಳಿಗೆಯ ಮೊದಲ ವರ್ಷಗಳಲ್ಲಿ ಒಮ್ಮೆ ಹಣ ಕೊಟ್ಟರೆ ಆಟ ಕೊಂಡವರದ್ದಾಗುತ್ತಿತ್ತು. 2009ರ ಡಿಸೆಂಬರಿನಲ್ಲಿ ಬಂದು ಜಗತ್ತಿನ ಮಕ್ಕಳನ್ನೆಲ್ಲ ಸೆಳೆದ ಆ್ಯಂಗ್ರಿ ಬರ್ಡ್ಸ್ ಕೂಡ ಹೀಗೆಯೇ ಮಾರಾಟವಾಯಿತು. ಆದರೆ ಅದೇ ವರ್ಷ ಆಪಲ್ ಕಂಪನಿ ಆಟದೊಳಗಿನ ಖರೀದಿಗೆ, ಅಂದರೆ ಆಡುತ್ತಿರುವಾಗಲೇ ನಾಣ್ಯ, ಹಣ್ಣು, ಆಯುಧ, ಹೊಸ ಹಂತ ಮೊದಲಾದವನ್ನು ನಿಜವಾದ ಹಣಕ್ಕೆ ಕೊಳ್ಳುವ ವ್ಯವಸ್ಥೆಗೆ ಅನುಮತಿ ಕೊಟ್ಟು, ಅಕ್ಟೋಬರಿನಲ್ಲಿ ಅದನ್ನು ಪುಕ್ಕಟೆ ಆಪ್‌ಗಳಿಗೂ ವಿಸ್ತರಿಸಿತು. ಮಕ್ಕಳ ಆಟದ ಸ್ವರೂಪವನ್ನು ಇಷ್ಟು ಆಳವಾಗಿ ಬದಲಿಸಿದ ತೀರ್ಮಾನ ಬೇರೊಂದಿಲ್ಲ. ಆಟ ಪುಕ್ಕಟೆಯಾದ ಮೇಲೆ ತಯಾರಕರ ಗಳಿಕೆ ಆಟವನ್ನು ಮೆಚ್ಚಿಸುವುದರಿಂದ ಬರುವ ಬದಲು, ಆಟದ ನಡುವೆ ತಡೆಯೊಡ್ಡಿ ಆ ತಡೆಯನ್ನು ಹಣಕ್ಕೆ ತೆರೆಯುವುದರಿಂದ ಬರತೊಡಗಿತು.

ಇದರ ಪರಿಣಾಮ ಬೇಗನೆ ಕಾಣಿಸಿಕೊಂಡಿತು. ನೀಲಿ ಬಣ್ಣದ ಪುಟ್ಟ ಜೀವಿಗಳಿಗೆ ಹಳ್ಳಿ ಕಟ್ಟಿಕೊಡುವ ಸ್ಮರ್ಫ್ಸ್ ವಿಲೇಜ್ ಎಂಬ 2010ರ ಆಟದಲ್ಲಿ ಬಂಡಿ ತುಂಬ ಹಣ್ಣಿನ ಬೆಲೆ ನೂರು ಡಾಲರಿನಷ್ಟಿತ್ತು. ಹೆತ್ತವರು ಒಮ್ಮೆ ಪಾಸ್‌ವರ್ಡ್ ಹಾಕಿದರೆ ಮುಂದಿನ ಹದಿನೈದು ನಿಮಿಷ ಮತ್ತೆ ಕೇಳದಿದ್ದ ವ್ಯವಸ್ಥೆಯಲ್ಲಿ, ಆಟದ ಹಣ್ಣಿಗೂ ನಿಜವಾದ ಹಣಕ್ಕೂ ಇರುವ ಅಂತರ ತಿಳಿಯದ ಮಕ್ಕಳು ಸಾವಿರಾರು ಡಾಲರ್ ಖರ್ಚು ಮಾಡಿದ ದೂರುಗಳು 2011ರ ಆರಂಭದಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಬಂದವು. ಗ್ರಾಹಕರ ಹಿತ ಕಾಯುವ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕೈಗೊಂಡ ಕ್ರಮದಿಂದಾಗಿ, ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳು ಮಾಡಿದ ಖರೀದಿಗಳಿಗಾಗಿ ಆಪಲ್ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್ ಕನಿಷ್ಠ 1.9 ಕೋಟಿ ಡಾಲರ್ ಹಿಂದಿರುಗಿಸಲು 2014ರಲ್ಲಿ ಒಪ್ಪಿಕೊಂಡವು. ಅಮೆಜಾನ್ ವಿರುದ್ಧ 2016ರಲ್ಲಿ ನ್ಯಾಯಾಲಯದ ತೀರ್ಪು ಬಂದಿತು. ಅದೇ 2014ರಲ್ಲಿ ಆಪಲ್ ತನ್ನ ಮಳಿಗೆಯ ಗುಂಡಿಯ ಮೇಲಿದ್ದ ಪುಕ್ಕಟೆ ಎಂಬರ್ಥದ ಪದವನ್ನು ತೆಗೆದು ಪಡೆಯಿರಿ ಎಂಬರ್ಥದ ಪದವನ್ನು ಹಾಕಿತು. ಏನು ಸಿಗುತ್ತದೆಂದು ತಿಳಿಸದೆ ಹಣಕ್ಕೆ ಮಾರುವ, ಅದೃಷ್ಟದ ಪೆಟ್ಟಿಗೆಯಂತಿರುವ ಲೂಟ್ ಬಾಕ್ಸನ್ನು ಬೆಲ್ಜಿಯಂ 2018ರಲ್ಲಿ ಜೂಜೆಂದೇ ಪರಿಗಣಿಸಿತು. ಆಟದೊಳಗೆ ಖರೀದಿಯಿದೆ ಎಂಬ ಪ್ರತ್ಯೇಕ ಗುರುತು ಅಮೆರಿಕ ಮತ್ತು ಯುರೋಪಿನ ಸೂಚಿಗಳಲ್ಲಿ ಸೇರಿದ್ದೂ ಅದೇ ವರ್ಷ. ಆದರೂ ವಯಸ್ಸಿನ ಅಂಕಿ ಮತ್ತು ಖರೀದಿಯ ಗುರುತು ಬಹುಮಟ್ಟಿಗೆ ಬೇರೆ ಬೇರೆಯಾಗಿಯೇ ಉಳಿದವು; 3+ ಎಂದು ಬರೆದ ಆಟದೊಳಗೇ ಹಣ ಕೇಳುವ ಪೆಟ್ಟಿಗೆಯೊಂದು ತೆರೆದುಕೊಳ್ಳುವುದು ಇದರಿಂದಲೇ ಸಾಧ್ಯವಾಯಿತು.

ಆಡುವ ಮಗುವನ್ನು ನೋಡುವ ಆಟ

ಹಣ ಕೇಳದ ಪುಕ್ಕಟೆ ಆಟಗಳು ಬದುಕುವುದು ಜಾಹೀರಾತಿನಿಂದ. ಯಾರಿಗೆ ಯಾವ ಜಾಹೀರಾತು ತೋರಿಸಬೇಕೆಂದು ತಿಳಿಯಲು ಆಟವು ಆಡುವವರ ಮಾಹಿತಿಯನ್ನು ಸಂಗ್ರಹಿಸುತ್ತದೆ. ಹದಿಮೂರು ವರ್ಷದೊಳಗಿನ ಮಕ್ಕಳ ವೈಯಕ್ತಿಕ ಮಾಹಿತಿಯನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಅಂತರಜಾಲ ತಾಣಗಳು ಪಡೆಯಬಾರದೆಂಬ ಕಾನೂನನ್ನು ಅಮೆರಿಕ 1998ರಲ್ಲಿ ಮಾಡಿ 2000ರಲ್ಲಿ ಜಾರಿಗೆ ತಂದಿತ್ತು. ಮೊಬೈಲಿನ ಯುಗಕ್ಕೆ ತಕ್ಕಂತೆ 2013ರಲ್ಲಿ ಅದರ ನಿಯಮಗಳನ್ನು ತಿದ್ದಿ, ಮಗು ಇರುವ ಸ್ಥಳ, ಅದರ ಫೋಟೊ ಮತ್ತು ದನಿ, ಒಂದು ಫೋನನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವ ಸಂಖ್ಯೆ, ಇವೆಲ್ಲವನ್ನೂ ವೈಯಕ್ತಿಕ ಮಾಹಿತಿಯೊಳಗೆ ಸೇರಿಸಲಾಯಿತು.

ಕಾನೂನಿಗೂ ಆಚರಣೆಗೂ ನಡುವಿನ ದೂರವನ್ನು 2018ರ ಎರಡು ಅಧ್ಯಯನಗಳು ಬಯಲಿಗೆ ತಂದವು. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಸಂಶೋಧಕರೂ ಅವರ ಸಹೋದ್ಯೋಗಿಗಳೂ ಮಕ್ಕಳಿಗೆಂದೇ ಇದ್ದ 5,855 ಪುಕ್ಕಟೆ ಆಂಡ್ರಾಯ್ಡ್ ಆಪ್‌ಗಳನ್ನು ಯಂತ್ರದ ನೆರವಿನಿಂದ ಪರೀಕ್ಷಿಸಿ, ಅರ್ಧಕ್ಕಿಂತ ಹೆಚ್ಚಿನವು ಆ ಕಾನೂನನ್ನು ಮೀರುತ್ತಿರುವ ಸಾಧ್ಯತೆಯಿದೆ ಎಂದು ತೋರಿಸಿದರು. ಮಕ್ಕಳ ವೈದ್ಯೆ ಜೆನಿ ರಾಡೆಸ್ಕಿ ಸೇರಿದ್ದ ಮಿಶಿಗನ್ ವಿಶ್ವವಿದ್ಯಾಲಯದ ತಂಡ ಐದು ವರ್ಷದೊಳಗಿನ ಮಕ್ಕಳು ಬಳಸುವ 135 ಆಪ್‌ಗಳನ್ನು ನೋಡಿ, ಅವುಗಳಲ್ಲಿ ಶೇ 95ರಷ್ಟರಲ್ಲಿ ಯಾವುದಾದರೊಂದು ಬಗೆಯ ಜಾಹೀರಾತು ಇದ್ದುದನ್ನು ಕಂಡಿತು. ಆಟದ ಭಾಗವೆಂಬಂತೆ ವೇಷ ಮರೆಸಿಕೊಂಡ ಜಾಹೀರಾತುಗಳೂ, ಮಗು ಕೊಳ್ಳದೆ ಹೋದರೆ ಆಟದ ಪಾತ್ರವೇ ಅಳುವಂಥ ಏರ್ಪಾಟೂ ಅವುಗಳಲ್ಲಿ ಸೇರಿದ್ದವು. ಜಾಹೀರಾತು ಯಾವುದು, ಆಟ ಯಾವುದು ಎಂದು ಬೇರ್ಪಡಿಸುವ ಶಕ್ತಿ ಇನ್ನೂ ಬೆಳೆಯದ ವಯಸ್ಸಿನ ಮಗುವಿನ ಕನಿಕರವನ್ನೇ ವ್ಯಾಪಾರಕ್ಕೆ ಬಳಸಿಕೊಳ್ಳುವುದು ಪರದೆಯ ಮೇಲಿನ ರಕ್ತಕ್ಕಿಂತ ಕಡಿಮೆ ಕೆಡುಕೆಂದು ಹೇಳುವಂತಿಲ್ಲ. ಆದರೆ ದೃಶ್ಯಗಳನ್ನು ಅಳೆಯಲೆಂದು ಹುಟ್ಟಿದ ಅಂಕಿಗೆ ಇದು ಕಾಣುವುದೇ ಇಲ್ಲ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಪೂರ್ಣವಾಗಿ ಅನ್ವಯವಾದ, ಹದಿನೈದು ಮಾನದಂಡಗಳ ವಿನ್ಯಾಸ ಸಂಹಿತೆಯು ಹೊಣೆಯ ದಿಕ್ಕನ್ನೇ ತಿರುಗಿಸಿತು: ಮಕ್ಕಳು ಬಳಸುವ ಸಾಧ್ಯತೆಯಿರುವ ಸೇವೆಗಳೆಲ್ಲ ಮೊದಲಿನಿಂದಲೇ ಮಗುವಿನ ಹಿತವನ್ನು ಮುಂದಿಟ್ಟುಕೊಂಡು ರೂಪುಗೊಳ್ಳಬೇಕೆಂದು ಅದು ವಿಧಿಸಿತು.

ಮುಗಿಯದ ಆಟ

ನಾಲ್ಕನೆಯ ದೂರು ಹೊತ್ತಿಗೆ ಸಂಬಂಧಿಸಿದ್ದು. ಚೌಕಾಬಾರಕ್ಕೂ ಹಾವಿನಾಟಕ್ಕೂ ಇದ್ದ ಕೊನೆ ಪುಕ್ಕಟೆ ಆಟಗಳಲ್ಲಿ ಇಲ್ಲವಾಯಿತು; ದಿನವೂ ಬಂದರೆ ಬಹುಮಾನ, ಬರದಿದ್ದರೆ ನಷ್ಟ, ಆಟ ಬಿಟ್ಟಾಗ ಕರೆಯುವ ಸಂದೇಶ, ಇವೆಲ್ಲ ಆಟದ ಅಂಗಗಳೇ ಆದವು. 2012ರಲ್ಲಿ ಮೊಬೈಲಿಗೆ ಬಂದ ಕ್ಯಾಂಡಿ ಕ್ರಶ್ ಸಾಗಾದಲ್ಲಿ ಐದು ಜೀವಗಳು ಮುಗಿದ ಮೇಲೆ ಒಂದೊಂದು ಜೀವಕ್ಕೂ ಅರ್ಧ ಗಂಟೆ ಕಾಯಬೇಕು, ಇಲ್ಲವೇ ಹಣ ಕೊಡಬೇಕು. ಆಡುವವರು ಫೋನನ್ನು ಕೆಳಗಿಟ್ಟರೂ ಆಟ ಅವರ ಮನಸ್ಸಿನಲ್ಲಿ ನಡೆಯುತ್ತಲೇ ಇರುತ್ತದೆ. ಇದನ್ನು ಕಾನೂನಿನಿಂದಲೇ ತಡೆಯಲು ಕೆಲವು ದೇಶಗಳು ಯತ್ನಿಸಿದವು. ಹದಿನಾರು ವರ್ಷದೊಳಗಿನವರು ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟ ಆಡದಂತೆ 2011ರಲ್ಲಿ ನಿರ್ಬಂಧಿಸಿದ ದಕ್ಷಿಣ ಕೊರಿಯಾ, ಕಂಪ್ಯೂಟರಿಗೆಂದು ಮಾಡಿದ ಆ ನಿಯಮ ಮೊಬೈಲಿನ ಮುಂದೆ ಅರ್ಥ ಕಳೆದುಕೊಂಡ ಮೇಲೆ ಅದನ್ನು ರದ್ದುಗೊಳಿಸಿತು. ಚೀನಾ 2021ರಲ್ಲಿ ಹದಿನೆಂಟರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಂದು ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಅವಕಾಶ ಕೊಟ್ಟಿತು.

ವೈದ್ಯಲೋಕವೂ ಇದೇ ಕಾಲದಲ್ಲಿ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡಿತು, ಇಲ್ಲಿ ಬೆಂಗಳೂರಿನ ಪಾತ್ರ ಗಣ್ಯವಾದದ್ದು. ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೊಳಗಾದವರಿಗಾಗಿ ನಿಮ್ಹಾನ್ಸ್ ಸಂಸ್ಥೆ 2014ರಲ್ಲೇ ಶಟ್ ಎಂಬ ಹೆಸರಿನ ಚಿಕಿತ್ಸಾಲಯವನ್ನು ತೆರೆಯಿತು. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೆಡುಕಾಗುತ್ತಿದ್ದರೂ ಆಟ ಮುಂದುವರಿಯುವುದು ಎಂಬ ಮೂರು ಲಕ್ಷಣಗಳುಳ್ಳ ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಹೆಚ್ಚಿನವರಿಗೆ ಆಟ ರೋಗವಾಗುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದೂ ಅದೇ ವರ್ಷ ಆ ಸಂಸ್ಥೆ ಸಲಹೆ ಕೊಟ್ಟಿತು.

ಒಂದೇ ಫೋನಿನ ಮನೆ

ಭಾರತದಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾಗಿ ಅಂತರಜಾಲದ ದರ ಕುಸಿದ ಮೇಲೆ ಸ್ಮಾರ್ಟ್‌ಫೋನ್ ಹಳ್ಳಿಹಳ್ಳಿಗೂ ಬಂದಿತು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಶಾಲೆಗಳು ಮುಚ್ಚಿದಾಗ ಅದೇ ಫೋನು ಪಾಠದ ನೆಪದಲ್ಲಿ ಮಕ್ಕಳ ಕೈ ಸೇರಿತು. ಪಗಡೆಯ ಮೂಲದಿಂದ ಇಂಗ್ಲೆಂಡಿನಲ್ಲಿ ಲೂಡೊ ಆಗಿ ಮಾರ್ಪಟ್ಟಿದ್ದ ಆಟ, ಮುಂಬಯಿಯ ಕಂಪನಿಯೊಂದು 2016ರಲ್ಲಿ ತಂದ ಲೂಡೊ ಕಿಂಗ್ ರೂಪದಲ್ಲಿ ಆ ಲಾಕ್‌ಡೌನಿನ ತಿಂಗಳುಗಳಲ್ಲಿ ಮನೆಮನೆಯ ಆಟವಾಯಿತು. ಇತ್ತ ಹದಿಹರೆಯದವರನ್ನು ಸೆಳೆದ ಪಬ್‌ಜಿ ಎಂಬ ಕಾಳಗದ ಆಟವನ್ನು 2019ರಲ್ಲಿ ಗುಜರಾತಿನ ಕೆಲವು ನಗರಗಳ ಪೊಲೀಸರು ನಿಷೇಧಿಸಿದರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ತಡೆಹಿಡಿದ 118 ಆಪ್‌ಗಳಲ್ಲಿ ಅದೂ ಒಂದಾಗಿತ್ತು, ಆದರೆ ಈ ಎರಡನೆಯ ನಿಷೇಧಕ್ಕೆ ಕೊಟ್ಟ ಕಾರಣ ದೇಶದ ಭದ್ರತೆಯೇ ಹೊರತು ಮಕ್ಕಳ ಹಿತವಾಗಿರಲಿಲ್ಲ.

ಪರದೇಶಗಳ ಸೂಚಿಗಳೂ ಕಾನೂನುಗಳೂ ಮಗುವಿಗೆ ತನ್ನದೇ ಫೋನು, ತನ್ನದೇ ಖಾತೆ ಇರುತ್ತದೆಂಬ ಊಹೆಯ ಮೇಲೆ ನಿಂತಿವೆ. ಒಂದೇ ಫೋನನ್ನು ಅಪ್ಪ ಹಣ ಕಳಿಸಲು, ಅಮ್ಮ ಮಾತಾಡಲು, ಮಗು ಆಡಲು ಬಳಸುವ ಮನೆಯಲ್ಲಿ ಈ ಊಹೆ ನಿಲ್ಲುವುದಿಲ್ಲ. ಅಲ್ಲಿ ಖಾತೆಯ ವಯಸ್ಸು ಅಪ್ಪನದು, ಆದ್ದರಿಂದ ಮಳಿಗೆಯ ತಡೆಗಳು ಕೆಲಸ ಮಾಡುವುದಿಲ್ಲ. ಜಾಹೀರಾತು ಅಪ್ಪನ ಹುಡುಕಾಟಗಳಿಗೆ ತಕ್ಕುದಾಗಿ ಮಗುವಿನ ಕಣ್ಣಿಗೆ ಬೀಳುತ್ತದೆ. ಹಣ ಪಾವತಿಗೆ ಕಾವಲಾಗಿರುವ ಒ.ಟಿ.ಪಿ. ಕೂಡ ಮಗು ಹಿಡಿದಿರುವ ಫೋನಿಗೇ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಗೆ ಹೆತ್ತವರ ದೃಢಪಟ್ಟ ಒಪ್ಪಿಗೆಯನ್ನು ಕಡ್ಡಾಯ ಮಾಡಿ, ಅವರ ಚಲನವಲನದ ನಿಗಾ ಮತ್ತು ಅವರನ್ನೇ ಗುರಿಯಾಗಿಸುವ ಜಾಹೀರಾತನ್ನು ನಿಷೇಧಿಸಿದೆ. 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಆಟಗಳ ಕಾಯ್ದೆ ಹಣವೊಡ್ಡುವ ಆಟಗಳನ್ನು ತಡೆದಿದೆ. ಎರಡೂ ಬೇಕಾಗಿದ್ದ ಕಾನೂನುಗಳೇ. ಆದರೆ ಫೋನಿನ ಒಡೆಯ ದೊಡ್ಡವನೆಂದು ಯಂತ್ರ ನಂಬಿರುವವರೆಗೆ ಕಾಯ್ದೆಯ ರಕ್ಷಣೆ ಆ ಮನೆಯ ಮಗುವನ್ನು ತಲುಪುವುದು ಕಷ್ಟ. ಹಾಗಾಗಿ ಮಗುವಿಗೆಂದು ಬೇರೆ ಖಾತೆ ತೆರೆಯುವುದು, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡುವುದು, ಅಂತರಜಾಲ ನಿಲ್ಲಿಸಿದರೂ ನಡೆಯುವ ಆಟವನ್ನು ಆರಿಸುವುದು, ಈ ಮೂರು ಸರಳ ಕ್ರಮಗಳು ಭಾರತೀಯ ಮನೆಯಲ್ಲಿ ಯಾವ ಅಂಕಿಗಿಂತಲೂ ಹೆಚ್ಚು ಕಾಪಾಡುತ್ತವೆ.

ಸಂತೋಷದ ಅಳತೆ

ಕೆಡುಕನ್ನು ತಡೆಯುವ ಈ ಯತ್ನಗಳ ಜೊತೆಜೊತೆಗೆ ಒಳಿತನ್ನು ಕಟ್ಟುವ ಯತ್ನಗಳೂ ನಡೆದವು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಟೋಕಾ ಬೋಕಾ ಸಂಸ್ಥೆ 2011ರಿಂದ ಹೊರತಂದ ಚಹಾಕೂಟ, ಕ್ಷೌರದಂಗಡಿ ಮೊದಲಾದ ಆಟಗಳಲ್ಲಿ ಅಂಕಗಳಿರಲಿಲ್ಲ, ಸೋಲು ಗೆಲುವುಗಳಿರಲಿಲ್ಲ, ಜಾಹೀರಾತೂ ಇರಲಿಲ್ಲ. ಆಟಿಕೆಯನ್ನು ಕೈಗೆ ಕೊಟ್ಟು ಕಥೆಯನ್ನು ಮಗುವಿಗೇ ಬಿಡುವುದು ಅವುಗಳ ತತ್ವವಾಗಿತ್ತು. ಎಂ.ಐ.ಟಿ. ಮತ್ತು ಟಫ್ಟ್ಸ್ ವಿಶ್ವವಿದ್ಯಾಲಯಗಳ ಸಹಯೋಗದಿಂದ 2014ರಲ್ಲಿ ಬಂದ ಸ್ಕ್ರ್ಯಾಚ್ ಜೂನಿಯರ್, ಐದರಿಂದ ಏಳು ವರ್ಷದ ಮಕ್ಕಳು ಚಿತ್ರದ ತುಂಡುಗಳನ್ನು ಜೋಡಿಸಿ ತಾವೇ ಆಟ ಮತ್ತು ಕಥೆ ಕಟ್ಟುವಂತೆ ಮಾಡಿತು. ಫ್ರಾನ್ಸಿನ ಬ್ರೂನೊ ಕುಡ್ವಾ 2000ದಲ್ಲಿ ಆರಂಭಿಸಿದ ಜಿಕಾಂಪ್ರಿ ಎಂಬ ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶ, ಎಣಿಕೆ, ಓದು, ಒಗಟುಗಳ ಹಲವಾರು ಆಟಗಳನ್ನು ಪುಕ್ಕಟೆಯಾಗಿ ಕೊಡುತ್ತದೆ. ಗೂಗಲ್ ಪ್ಲೇ 2020ರಲ್ಲಿ ಆರಂಭಿಸಿದ ಶಿಕ್ಷಕರ ಒಪ್ಪಿಗೆಯ ಗುರುತಿನಲ್ಲಿ ಮೊತ್ತಮೊದಲಿಗೆ ವಯಸ್ಸಿಗೆ ತಕ್ಕ ಕಲಿಕೆ ಮತ್ತು ಸಂತೋಷವೂ ಪರಿಶೀಲನೆಗೆ ಒಳಪಟ್ಟವು. ದೃಶ್ಯದ ಸೂಚಿ ಬಂದು ಇಪ್ಪತ್ತಾರು ವರ್ಷಗಳಾದ ಮೇಲೆ ಮಗುವಿನ ನಲಿವಿಗೂ ಮಳಿಗೆಯಲ್ಲಿ ಒಂದು ಗುರುತು ದೊರೆಯಿತು.

ಆದರೆ ಈ ಒಳ್ಳೆಯ ಯತ್ನಗಳೂ ಮಾರುಕಟ್ಟೆಯ ಒತ್ತಡದಿಂದ ಹೊರತಾಗಿ ಉಳಿಯಲಿಲ್ಲ. ಬಿಡಿಬಿಡಿ ಆಟಗಳನ್ನು ಒಂದು ಸಲದ ಬೆಲೆಗೆ ಮಾರುತ್ತಿದ್ದ ಟೋಕಾ ಬೋಕಾ ಕೂಡ 2018ರಲ್ಲಿ ತಂದ ದೊಡ್ಡ ಆಟವನ್ನು ಪುಕ್ಕಟೆಯಾಗಿ ಕೊಟ್ಟು ಒಳಗಿನ ಮನೆ, ಪಾತ್ರಗಳನ್ನು ಮಾರುವ ಕ್ರಮಕ್ಕೆ ಬಂದಿತು. ಇನ್ನೊಂದು ಕೊರತೆ ಕನ್ನಡದ ಮಕ್ಕಳಿಗೆ ಹತ್ತಿರದ್ದು. ಅಕ್ಷರಮಾಲೆ ತಿದ್ದಿಸುವ, ಬಣ್ಣ ಗುರುತಿಸುವ ಆಪ್‌ಗಳಿಂದಾಚೆಗೆ, ಕನ್ನಡದಲ್ಲೇ ಕಥೆ ಹೇಳುವ, ಕನ್ನಡದ ಒಗಟು, ಗಾದೆ, ಮಣೆಯಾಟಗಳ ಜಾಣ್ಮೆಯನ್ನು ಒಳಗೊಂಡ, ಜಾಹೀರಾತಿಲ್ಲದ ಆಟಗಳಿಗೆ ಸರ್ಕಾರವೂ ವಿಶ್ವವಿದ್ಯಾಲಯಗಳೂ ಬಂಡವಾಳ ಹೂಡಬೇಕಾಗಿದೆ. ಮಕ್ಕಳ ಪುಸ್ತಕಕ್ಕೆ ಸಲ್ಲುವ ಗೌರವ ಮಕ್ಕಳ ಆಟಕ್ಕೂ ಸಲ್ಲಬೇಕು.

ಮೂವತ್ತು ವರ್ಷಗಳ ಈ ಚರಿತ್ರೆ ಹೆತ್ತವರ ಕೈಗೆ ಐದು ಪ್ರಶ್ನೆಗಳನ್ನು ಕೊಡುತ್ತದೆ: ಆಟ ಏನನ್ನು ತೋರಿಸುತ್ತದೆ, ಏನನ್ನು ಮಾರುತ್ತದೆ, ಮಗುವಿನ ಬಗ್ಗೆ ಏನನ್ನು ಸಂಗ್ರಹಿಸುತ್ತದೆ, ಎಲ್ಲಿ ಮುಗಿಯುತ್ತದೆ, ಆಡುವಾಗ ಮಗುವಿಗೆ ತಾನೇ ಏನನ್ನಾದರೂ ಮಾಡಿದ ಸಂತೋಷ ಕೊಡುತ್ತದೆಯೇ. ಮೊದಲ ಪ್ರಶ್ನೆಗೆ ಅಂಕಿ ಉತ್ತರಿಸುತ್ತದೆ. ಎರಡು ಮತ್ತು ಮೂರನೆಯದಕ್ಕೆ ಮಳಿಗೆಯ ವಿವರದಲ್ಲಿ ಅರೆಬರೆ ಉತ್ತರ ಸಿಗುತ್ತದೆ. ಉಳಿದೆರಡಕ್ಕೆ ಉತ್ತರ ಆ ಆಟವನ್ನು ಮಗುವಿನ ಪಕ್ಕದಲ್ಲಿ ಕೂತು ಒಮ್ಮೆ ಆಡಿದವರಿಗೆ ಮಾತ್ರ ಸಿಗುತ್ತದೆ. ಆಟಗಳು ಹೊಸ ಆವೃತ್ತಿಯೊಂದಿಗೆ ಬದಲಾಗುತ್ತಲೇ ಇರುವುದರಿಂದ, ಇಂದು ಒಳ್ಳೆಯದಾಗಿದ್ದ ಆಟ ಆರು ತಿಂಗಳಲ್ಲಿ ಜಾಹೀರಾತಿನ ಸಂತೆಯಾಗಬಹುದಾದ್ದರಿಂದ, ಈ ಪರೀಕ್ಷೆಯನ್ನು ಆಗಾಗ ಮತ್ತೆ ಮಾಡಬೇಕಾಗುತ್ತದೆ. ಕಾನೂನು ಇನ್ನಷ್ಟು ಬಿಗಿಯಾಗಬೇಕು, ಸೂಚಿಗಳು ಇನ್ನಷ್ಟು ಪ್ರಾಮಾಣಿಕವಾಗಬೇಕು. ಅವೆರಡೂ ಆದ ಮೇಲೂ ಮಗುವಿನ ಜೊತೆ ಆಡಿ ನೋಡುವ ಹೊಣೆ ಮನೆಯವರದ್ದೇ ಆಗಿರುತ್ತದೆ, ಆ ಹೊಣೆಯನ್ನು ಹೊತ್ತ ಮನೆಯ ಮಗುವಿಗೆ ಆಟದ ಜೊತೆಗೆ ಆಡುವ ಸಂಗಾತಿಯೂ ದೊರೆಯುತ್ತಾರೆ.